ಕಾಯಿಲೆ ದಾಟಿ ಬಂದವರು ಕ್ಲಿನಿಕ್‌ನಲ್ಲಿ ಕೆಲಸಕ್ಕೆ ಕೂತರೆ: ಪೀರ್ ಸಪೋರ್ಟ್ ಬಗ್ಗೆ ಅಧ್ಯಯನ ಟಿಪ್ಪಣಿ

ದಾವಣಗೆರೆಯಲ್ಲಿ ನನ್ನ ಜೊತೆ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುತ್ತಿರುವವರಿಗಾಗಿ, ಅದರಲ್ಲೂ ಮಾನಸಿಕ ಆರೋಗ್ಯದ ಪೇಪರ್ ತೆಗೆದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪೀರ್ ಸಪೋರ್ಟ್ ಎಂದರೇನು ಅಂತ ಕೇಳಿದರೆ ‘ಕಾಯಿಲೆ ಬಂದು ಹೋದವರು ಕಾಯಿಲೆ ಇರುವವರಿಗೆ ಧೈರ್ಯ ಹೇಳುವುದು’ ಎಂದು ಬರೆದು ಮುಗಿಸುತ್ತೇವೆ. ತಪ್ಪೇನಲ್ಲ, ಆದರೆ ಅಷ್ಟಕ್ಕೆ ಎರಡು ಮಾರ್ಕ್ಸ್ ಸಿಗಬಹುದು. ಧೈರ್ಯ ಹೇಳುವವರಿಗೆ ನಮ್ಮಲ್ಲಿ ಬರ ಇಲ್ಲ. ಸೋದರಮಾವ ಹೇಳುತ್ತಾನೆ, ಎದುರು ಮನೆಯವರು ಹೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರೂ ಹೇಳುತ್ತಾರೆ. ಪೀರ್ ವರ್ಕರ್ ಮಾಡುವುದು ಬೇರೆಯೇ ಕೆಲಸ. ಅದಕ್ಕೆ ತರಬೇತಿ ಇದೆ, ಗೆರೆ ಇದೆ, ಸಂಬಳವೂ ಇರಬೇಕು. ಆ ಕೆಲಸವನ್ನು ಅದರ ಪಾಡಿಗೆ ಬೇರೆಯಾಗಿ ಇಟ್ಟರೆ ಉಪಯೋಗ ಇದೆ. ಆಸ್ಪತ್ರೆಗೆ ಇನ್ನೊಬ್ಬ ಕೈಯಾಳು ಸಿಕ್ಕ ಅಂತ ನೋಡಿದರೆ ಇಲ್ಲ. ಮುಂದೆ ಬರೆದಿರುವುದೆಲ್ಲ ಈ ಮಾತಿನ ಸುತ್ತಲೇ ಇದೆ.

ಕೆಲಸ ಹೇಗಿರುತ್ತದೆ

ಮನೋಚೈತನ್ಯ ಕಾರ್ಯಕ್ರಮದಡಿ ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದಲ್ಲ, ಅಂಥ ಒಂದು ಮಂಗಳವಾರ ಅಂದುಕೊಳ್ಳಿ. ಹೊರಗೆ ಬೆಂಚಿನ ಮೇಲೆ ಮೆಕ್ಕೆಜೋಳ ಬೆಳೆಯುವ ಮನೆಯ ಹುಡುಗ. ಪಕ್ಕದಲ್ಲಿ ಪೀರ್ ವರ್ಕರ್, ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರು. ಇದು ನಾನು ಕಟ್ಟಿದ ಉದಾಹರಣೆ.

‘ಗುಳಿಗೆ ಬಿಟ್ಟು ಎಷ್ಟು ದಿನ ಆತು?’

‘ಹದಿನೈದು ದಿನ ಆಗಿರ್ಬೋದು. ನುಂಗಿದ್ರೆ ಬೆಳಿಗ್ಗೆ ಏಳಾಕೇ ಆಗಲ್ಲಣ್ಣ. ಕರೆಂಟ್ ಬರೋದೇ ನಸುಕಿಗೆ, ನೀರು ಬಿಡಾಕೆ ಹೋಗ್ಬೇಕು. ಅಪ್ಪ ಸೋಮಾರಿ ಅಂತ ಬೈತಾನೆ.’

‘ನಂಗೂ ಹಂಗೇ ಆಗಿತ್ತು. ನಾನೂ ಯಾರಿಗೂ ಹೇಳ್ದಂಗೆ ಬಿಟ್ಟಿದ್ದೆ. ನಿಂಗೆ ಯಾವ್ದು ಜಾಸ್ತಿ ಕಷ್ಟ, ಏಳೋದಾ, ಅಪ್ಪನ ಮಾತಾ?’

‘ಅಪ್ಪನ ಮಾತು.’

‘ಹೂಂ. ನೀರು ಬಿಡೋ ವಿಷಯ ಡಾಕ್ಟ್ರಿಗೆ ಹೇಳಿದೀಯಾ?’

‘ಅದನ್ನೇನು ಹೇಳೋದಣ್ಣ ಅವ್ರಿಗೆ?’

‘ಅದನ್ನೇ ಹೇಳ್ಬೇಕು. ಹೊತ್ತು ಬದ್ಲಾಯಿಸ್ತಾರೋ, ಗುಳಿಗೇನೇ ಬದ್ಲಾಯಿಸ್ತಾರೋ, ಅವ್ರು ನೋಡ್ತಾರೆ. ಒಳಗೆ ಹೋದಾಗ ನೀನೇ ಹೇಳು. ಬೇಕಂದ್ರೆ ನಾನೂ ಜೊತೆಗೆ ಬರ್ತೀನಿ.’

ಇದೇ ಹುಡುಗನ ಜೊತೆ ನಾವು ಮಾತಾಡಿದ್ದರೆ ಕೇಸ್ ಶೀಟಿನಲ್ಲಿ ಏನು ಬರೆಯುತ್ತಿದ್ದೆವು? ‘ಮಾತ್ರೆ ನಿಲ್ಲಿಸಿದ್ದಾನೆ, ತಿಳಿವಳಿಕೆ ಹೇಳಲಾಯಿತು.’ ಅಷ್ಟೇ ಅಲ್ವಾ? ನಸುಕಿನ ಕರೆಂಟೂ ಇಲ್ಲ, ಅಪ್ಪನ ಬೈಗುಳವೂ ಇಲ್ಲ.

ಪೀರ್ ವರ್ಕರ್ ತನ್ನ ಬಗ್ಗೆ ಎಷ್ಟು ಹೇಳಿಕೊಂಡರು ನೋಡಿ. ಬರೀ ಎರಡು ಸಣ್ಣ ವಾಕ್ಯ. ಯಾವ ಆಸ್ಪತ್ರೆ, ಎಷ್ಟು ವರ್ಷ, ಯಾವ ದೇವರಿಗೆ ಹರಕೆ, ಒಂದೂ ಇಲ್ಲ. ಹೇಳಿದ ತಕ್ಷಣ ಮಾತನ್ನು ಹುಡುಗನ ಕಡೆಗೇ ತಿರುಗಿಸಿದರು. ತರಬೇತಿಯಲ್ಲಿ ಕಲಿಯಬೇಕಾದ ಮುಖ್ಯ ವಿಷಯ ಇದು: ತನ್ನ ಕಥೆಯನ್ನು ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು. ಕಥೆ ಉದ್ದವಾದರೆ ಎದುರಿನವನು ಕೇಳುಗನಾಗಿ ಕೂತುಬಿಡುತ್ತಾನೆ. ಇನ್ನೂ ಕೆಟ್ಟದ್ದೆಂದರೆ ‘ಅವರಿಗೆ ಹುಷಾರಾಯಿತು, ನನಗ್ಯಾಕೆ ಆಗಲಿಲ್ಲ’ ಅನ್ನುವ ಚಿಂತೆ ಹೊತ್ತು ಮನೆಗೆ ಹೋಗುತ್ತಾನೆ.

ಎರಡನೆಯದು, ‘ಇನ್ನು ಮೇಲೆ ಎಂಟು ಗಂಟೆಗೇ ನುಂಗು, ಸರಿ ಹೋಗುತ್ತೆ’ ಎಂದು ಅವರು ಹೇಳಲಿಲ್ಲ. ತನಗೆ ಒಗ್ಗಿದ್ದು ಇವನಿಗೂ ಒಗ್ಗುತ್ತದೆ ಅಂತ ಏನಿಲ್ಲ. ಔಷಧದ ತೀರ್ಮಾನ ಡಾಕ್ಟರದ್ದು. ಆದರೆ ಡಾಕ್ಟರ್ ಮುಂದೆ ಬಾಯಿಗೆ ಬಾರದ ಮಾತನ್ನು ಬಾಯಿಗೆ ತರಿಸುವುದು ಇವರ ಕೆಲಸ. ‘ನೀನೇ ಹೇಳು’ ಅಂದಿದ್ದನ್ನು ಗಮನಿಸಿ. ಅವನ ಪರವಾಗಿ ತಾವೇ ಹೋಗಿ ಹೇಳಿಬಿಟ್ಟಿದ್ದರೆ ಬೇಗ ಮುಗಿಯುತ್ತಿತ್ತು, ಹುಡುಗ ಮಾತ್ರ ಇದ್ದಲ್ಲೇ ಇರುತ್ತಿದ್ದ.

ಚೇತರಿಕೆಯ ಬಗ್ಗೆ 2011ರಲ್ಲಿ ಬಂದ ಒಂದು ಪರಾಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವರದಿ) ಐದು ಅಂಶಗಳನ್ನು ಗುರುತಿಸಿತು: ಜನರ ಜೊತೆಗಿನ ನಂಟು, ಭರವಸೆ, ತಾನು ಯಾರು ಎಂಬ ಗುರುತು, ಬದುಕಿಗೊಂದು ಅರ್ಥ, ತನ್ನ ವಿಷಯವನ್ನು ತಾನೇ ತೀರ್ಮಾನಿಸುವ ಶಕ್ತಿ. ಇಂಗ್ಲಿಷ್‌ನ ಮೊದಲ ಅಕ್ಷರಗಳನ್ನು ಸೇರಿಸಿ ಇದನ್ನು ಚೈಮ್ ಅನ್ನುತ್ತಾರೆ. ಪರೀಕ್ಷೆಗೆ ಬಾಯಿಪಾಠ ಮಾಡುವ ಬದಲು ಮೇಲಿನ ಮಾತುಕತೆಯಲ್ಲಿ ಹುಡುಕಿ. ಕೊನೆಯ ಅಂಶ ಆ ‘ನೀನೇ ಹೇಳು’ ಅನ್ನುವುದರಲ್ಲೇ ಇದೆ.

ಹಿಂದಿನ ಕಥೆ, ಚಿಕ್ಕದಾಗಿ

ಇದು ಹೊಸ ಐಡಿಯಾ ಏನಲ್ಲ. 1793ರಲ್ಲಿ ಫಿಲಿಪ್ ಪಿನೆಲ್ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಗೆ ವೈದ್ಯರಾಗಿ ಬಂದಾಗ ಅಲ್ಲಿ ಮಾನಸಿಕ ರೋಗಿಗಳ ವಾರ್ಡ್ ನೋಡಿಕೊಳ್ಳುತ್ತಿದ್ದವರು ಪುಸ್ಸಿನ್. ಗಂಡಮಾಲೆ ರೋಗಕ್ಕೆ ಅದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಅಲ್ಲೇ ಕೆಲಸಕ್ಕೆ ನಿಂತವರು ಅವರು. ವಾರ್ಡಿನ ಕೆಲಸಕ್ಕೆ ಗುಣವಾಗುತ್ತಿದ್ದ ರೋಗಿಗಳನ್ನೇ ಆರಿಸಿಕೊಳ್ಳುತ್ತಿದ್ದರು, ಅಂಥವರು ರೋಗಿಗಳ ಮೇಲೆ ಕೈ ಎತ್ತುವುದು ಕಡಿಮೆ ಅಂತ. 1797ರಲ್ಲಿ ಬಿಸೆತ್ರ್‌ನಲ್ಲಿ ರೋಗಿಗಳ ಸರಪಳಿ ಬಿಚ್ಚಿಸಿದವರೂ ಪುಸ್ಸಿನ್ನೇ. ಹೆಸರು ಮಾತ್ರ ಪಿನೆಲ್‌ಗೆ ಹೋಯಿತು. ಡಾಕ್ಟರ್ ಪಕ್ಕದಲ್ಲಿ ನಿಂತವರ ಪಾಡು ಆಗಲೂ ಅಷ್ಟೇ!

ಆಮೇಲೆ 1935ರಲ್ಲಿ ಅಮೆರಿಕದಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್ ಶುರುವಾಯಿತು. ಇಲ್ಲಿ ಕುಡಿತ ಬಿಟ್ಟವರು ಬಿಡಬೇಕೆನ್ನುವವರ ಜೊತೆ ಕೂರುತ್ತಾರೆ, ಸಂಬಳ ಇಲ್ಲ, ಮೇಲೆ ಕೆಳಗೆ ಅಂತಿಲ್ಲ. ಪೀರ್ ಸಪೋರ್ಟ್ ಸಂಬಳದ ಹುದ್ದೆಯಾಗಿ ಬೆಳೆದದ್ದರಲ್ಲಿ 1999 ದೊಡ್ಡ ತಿರುವು. ಆ ವರ್ಷ ಅಮೆರಿಕದ ಜಾರ್ಜಿಯಾ ರಾಜ್ಯ ಪೀರ್ ಸ್ಪೆಷಲಿಸ್ಟ್‌ಗಳ ಸೇವೆಗೆ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇಡ್‌ನಿಂದ ಹಣ ಕೊಡಲು ಶುರು ಮಾಡಿತು. ಗುಂಪು ಬೇರೆ, ಹುದ್ದೆ ಬೇರೆ. ಉತ್ತರ ಬರೆಯುವಾಗ ಎರಡನ್ನೂ ಕಲಸಬೇಡಿ.

ಯಾರು ಪೀರ್, ಯಾರಲ್ಲ

ಇಲ್ಲಿ ತುಂಬ ಜನ ಎಡವುತ್ತಾರೆ. ಆಶಾ ಕಾರ್ಯಕರ್ತೆ ಅದೇ ಊರಿನವರು, ಮನೆ ಮನೆಯೂ ಗೊತ್ತು. ಹಾಗಂತ ಪೀರ್ ವರ್ಕರ್ ಅಲ್ಲ. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಆತ್ಮೀಯತಾ ಯೋಜನೆಯಲ್ಲಿ ಹಳ್ಳಿಯವರೇ ಸ್ವಯಂಸೇವಕರಾಗಿ ನೊಂದವರ ಜೊತೆ ಮಾತಾಡುತ್ತಾರೆ. ಒಳ್ಳೆಯ ಕೆಲಸ, ಆದರೆ ಅವರಿಗೂ ಮಾನಸಿಕ ಕಾಯಿಲೆ ಬಂದು ಹೋಗಿರಬೇಕೆಂಬ ನಿಯಮ ಇಲ್ಲ. ಒಂದೇ ಊರು, ಒಂದೇ ಭಾಷೆ ಆದರೆ ಸಾಲದು. ಅದೇ ಕಾಯಿಲೆ, ಅದೇ ವಾರ್ಡು, ಅದೇ ಅವಮಾನ ಕಂಡಿರಬೇಕು.

ಮನೆಯಲ್ಲಿ ನೋಡಿಕೊಳ್ಳುವವರ ಅನುಭವವೂ ಅನುಭವವೇ. ಆದರೆ ಅದನ್ನು ಬೇರೆ ಲೆಕ್ಕಕ್ಕೆ ಹಾಕಬೇಕು. ಮೇಲಿನ ಹುಡುಗನ ಅಪ್ಪನಿಗೂ ಒಬ್ಬ ಜೊತೆಗಾರ ಬೇಕು, ಮಗನ ಕಾಯಿಲೆಯನ್ನು ವರ್ಷಗಟ್ಟಲೆ ನೋಡಿದ ಇನ್ನೊಬ್ಬ ಅಪ್ಪ. ಇಬ್ಬರಿಗೂ ಒಬ್ಬರನ್ನೇ ಕೊಟ್ಟರೆ ಹುಡುಗ ಬಾಯಿ ಬಿಡುವುದಿಲ್ಲ. 2014ರಿಂದ 2016ರವರೆಗೆ ಗುಜರಾತಿನ ಆರು ಸರ್ಕಾರಿ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ವಾಲಿಟಿ ರೈಟ್ಸ್ ಕಾರ್ಯಕ್ರಮ ನಡೆದಾಗ ರೋಗಿಗಳ ಬೆಂಬಲವನ್ನೂ ಕುಟುಂಬದವರ ಬೆಂಬಲವನ್ನೂ ಪ್ರತ್ಯೇಕವಾಗಿಯೇ ಕಟ್ಟಿದರು.

ಉಪಯೋಗ ಆಗುತ್ತದಾ?

ಇಂಗ್ಲೆಂಡಿನ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ಓದಿ. 2018ರಲ್ಲಿ ಪ್ರಕಟವಾದದ್ದರಲ್ಲಿ 441 ಜನ. ಎಲ್ಲರೂ ತುರ್ತು ಮಾನಸಿಕ ಆರೈಕೆ ತಂಡದಿಂದ ಬಿಡುಗಡೆಯಾದವರು. ಎರಡೂ ಗುಂಪಿಗೆ ಚೇತರಿಕೆಯ ವರ್ಕ್‌ಬುಕ್ ಕೊಟ್ಟರು. ಒಂದು ಗುಂಪಿಗೆ ಅದನ್ನು ಪೋಸ್ಟಿನಲ್ಲಿ ಕಳಿಸಿ ಸುಮ್ಮನಾದರು. ಇನ್ನೊಂದು ಗುಂಪಿನಲ್ಲಿ ಪೀರ್ ವರ್ಕರ್ ಜೊತೆಗೆ ಕೂತು ಅದನ್ನು ತುಂಬಿಸಿದರು. ಒಂದು ವರ್ಷದೊಳಗೆ ಮತ್ತೆ ತುರ್ತು ಆರೈಕೆಗೆ ಬಂದವರು ಪೀರ್ ಗುಂಪಿನಲ್ಲಿ 29%, ಇನ್ನೊಂದರಲ್ಲಿ 38%. 2022ರಲ್ಲಿ ಬಂದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾಗುವ 590 ಜನರನ್ನು ನೋಡಿದರು. ಅಲ್ಲಿ ಮತ್ತೆ ಅಡ್ಮಿಟ್ ಆಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಮೊದಲನೆಯದನ್ನು ಮಾತ್ರ ಬರೆದು ಎರಡನೆಯದನ್ನು ಬಚ್ಚಿಡಬೇಡಿ. ಎರಡರಲ್ಲೂ ಅಳೆದದ್ದು ಮುಖ್ಯವಾಗಿ ತುರ್ತು ಆರೈಕೆಗೆ ಅಥವಾ ಆಸ್ಪತ್ರೆಗೆ ಮರಳುವುದನ್ನು. ಪರಾಮರ್ಶೆಗಳನ್ನು ನೋಡಿದರೆ ಭರವಸೆ, ತನ್ನ ಮೇಲಿನ ಹಿಡಿತ ಇಂಥವುಗಳಲ್ಲಿ ಅಲ್ಪಸ್ವಲ್ಪ ಲಾಭ ಕಾಣುತ್ತದೆ. ಕಾಯಿಲೆಯ ಲಕ್ಷಣ ತಗ್ಗುವುದರಲ್ಲಿ ಅಷ್ಟಿಲ್ಲ. ನನಗನ್ನಿಸುವುದು, ಪೀರ್ ವರ್ಕರ್ ಬಂದರೆ ಬೆಡ್ ಖಾಲಿಯಾಗುತ್ತವೆ ಅಂತ ಅಧಿಕಾರಿಗಳಿಗೆ ಮಾತು ಕೊಟ್ಟು ಈ ಕೆಲಸ ಶುರು ಮಾಡಿಸುವುದು ಅಪಾಯ. ಬೆಡ್ ಖಾಲಿಯಾಗದಿದ್ದರೆ ಮೊದಲು ಹೋಗುವುದು ಇದೇ ಹುದ್ದೆ.

ಇನ್ನೊಂದು ವಾದವೂ ಅಷ್ಟೇ ಅಡ್ಡದಾರಿ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಬೇರೆ ಬೇರೆ ಕಾಯಿಲೆಗಳಲ್ಲಿ 70ರಿಂದ 92% ಜನರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ‘ಡಾಕ್ಟರ್ ಇಲ್ಲ, ಪೀರ್ ವರ್ಕರ್ ಹಾಕೋಣ’ ಎಂದು ಇದೇ ಅಂಕಿ ಹಿಡಿದು ಹೇಳುತ್ತಾರೆ. ಆಮೇಲೆ ಏನಾಗುತ್ತದೆ? ಚೀಟಿ ಬರೆಯುವುದು, ಸಾಲು ನಿಲ್ಲಿಸುವುದು, ರಿಜಿಸ್ಟರ್ ತುಂಬುವುದು, ಕೊನೆಗೆ ಗಲಾಟೆ ಮಾಡಿದವರನ್ನು ಹಿಡಿದುಕೊಳ್ಳುವುದು. ಆ ಕೊನೆಯ ಕೆಲಸ ಒಮ್ಮೆ ಮಾಡಿಸಿದರೆ ಮುಗಿಯಿತು. ನಾಳೆಯಿಂದ ಬೆಂಚಿನ ಮೇಲೆ ಯಾರೂ ಇವರ ಹತ್ತಿರ ಬಾಯಿ ಬಿಡುವುದಿಲ್ಲ.

ಗುಟ್ಟು, ಗೆರೆ, ಮತ್ತೆ ಕಾಯಿಲೆ ಬಂದರೆ

ಗುಟ್ಟು ಉಳಿಸಬೇಕು, ಆದರೆ ಎಲ್ಲ ಗುಟ್ಟನ್ನೂ ಅಲ್ಲ. ಸಾಯುವ ಮಾತು ಬಂದರೆ, ಬೇರೆಯವರಿಗೆ ಅಪಾಯ ಇದ್ದರೆ ತಂಡಕ್ಕೆ ತಿಳಿಸಲೇಬೇಕು. ಇದನ್ನು ಮೊದಲ ದಿನವೇ, ಕಥೆ ಕೇಳುವ ಮುಂಚೆಯೇ ಹೇಳಿಬಿಡಬೇಕು. ಕ್ಲಿನಿಕ್ ಇಲ್ಲದ ದಿನಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಡಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲು ರಾತ್ರಿ ಸಿಗುತ್ತದೆ.

ಪೀರ್ ವರ್ಕರ್‌ಗೆ ಮತ್ತೆ ಕಾಯಿಲೆ ಬರಬಹುದು. ಬಂದರೆ ಶುಗರ್ ಏರುಪೇರಾದ ನೌಕರನಿಗೆ ರಜೆ ಕೊಡುವ ಹಾಗೆ ರಜೆ ಕೊಡುವುದು, ಅಷ್ಟೇ. ಅವರ ಕೆಲಸ ನೋಡುವ ಮೇಲ್ವಿಚಾರಕರೇ ಅವರಿಗೆ ಚಿಕಿತ್ಸೆ ಕೊಡುವ ಡಾಕ್ಟರ್ ಆಗಿರಬಾರದು. ಹಾಗಾದರೆ ಸುಸ್ತು ಅಂದದ್ದೂ ಲಕ್ಷಣ, ಸಂಬಳ ಜಾಸ್ತಿ ಕೇಳಿದ್ದೂ ಲಕ್ಷಣ!

ಹೊರಗಿನ ಪುಸ್ತಕಗಳಲ್ಲಿ ಅಷ್ಟಾಗಿ ಸಿಗದ ತೊಡಕೊಂದು ನಮ್ಮ ಕಡೆ ಇದೆ. ಲಂಡನ್ನಿನಲ್ಲಿ ‘ನನಗೂ ಕಾಯಿಲೆ ಇತ್ತು’ ಅಂದರೆ ಅದು ಹೇಳಿದವರ ವಿಷಯ. ಜಗಳೂರು ಅಥವಾ ಮೊಳಕಾಲ್ಮೂರಿನ ಹಳ್ಳಿಯಲ್ಲಿ ಅಂದರೆ ತಂಗಿಯ ಮದುವೆ ಮಾತುಕತೆಯವರೆಗೂ ಹೋಗುತ್ತದೆ. ಹೆಣ್ಣುಮಕ್ಕಳು ಈ ಕೆಲಸಕ್ಕೆ ಬಂದರೆ ಇನ್ನೂ ಕಷ್ಟ. ಒಮ್ಮೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ಹರಿಹರದವರು ಚನ್ನಗಿರಿಯಲ್ಲಿ, ಹೊಳಲ್ಕೆರೆಯವರು ಹಿರಿಯೂರಿನಲ್ಲಿ ಕೆಲಸ ಮಾಡುವ ಅವಕಾಶ ಇರಬೇಕು, ಬಸ್ ಚಾರ್ಜ್ ಸಮೇತ. ಊರಿನಲ್ಲೇ ಕೆಲಸ ಮಾಡುತ್ತೇನೆ ಅನ್ನುವವರು ಮೊದಲು ಮನೆಯವರ ಜೊತೆ ಕೂತು ಮಾತಾಡಿರಬೇಕು.

ಕಾನೂನಿನಲ್ಲಿ ಎಲ್ಲಿದೆ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಜಾರಿಗೆ ಬಂದದ್ದು 2018ರ ಮೇ 29. ಪೀರ್ ವರ್ಕರ್ ಎಂಬ ಹುದ್ದೆಯನ್ನು ಅದು ಕಡ್ಡಾಯ ಮಾಡಿಲ್ಲ. ಆದರೆ ಅನುಭವಸ್ಥರಿಗೆ ತೀರ್ಮಾನ ಮಾಡುವ ಕಡೆ ಕುರ್ಚಿ ಇಟ್ಟಿದೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆ ಇರುವ ಅಥವಾ ಇದ್ದವರನ್ನು ಪ್ರತಿನಿಧಿಸುವ ಇಬ್ಬರು, ಆರೈಕೆ ಮಾಡುವವರನ್ನು ಪ್ರತಿನಿಧಿಸುವ ಇಬ್ಬರು ಇರಬೇಕು. ರೋಗಿಗಳ ದೂರು, ಅಡ್ಮಿಷನ್ ವಿಷಯ ನೋಡುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯಲ್ಲೂ ಇಂಥವರಿಗೆ ಎರಡು ಸ್ಥಾನ ಇದೆ. ಆದರೆ ಆ ಎರಡನ್ನೂ ಸ್ವಯಂಸೇವಾ ಸಂಸ್ಥೆಗಳ ಪ್ರತಿನಿಧಿಗಳಿಂದ ತುಂಬಿದರೂ ಕಾನೂನು ತಪ್ಪು ಅನ್ನುವುದಿಲ್ಲ. ಸಭೆ ನಡೆಸುವವರಿಗೆ ಅದೇ ಸಲೀಸು.

ನಮ್ಮಲ್ಲೇ ಇರುವ ಮಾದರಿ

ಪೀರ್ ಸಪೋರ್ಟ್‌ಗೆ ಉದಾಹರಣೆ ಕೇಳಿದರೆ ಎಲ್ಲರೂ ಪುಣೆ, ಲಂಡನ್ ಅನ್ನುತ್ತಾರೆ. ನಮ್ಮ ಗ್ರಾಮ ಪಂಚಾಯ್ತಿಯಲ್ಲೇ ವಿಆರ್‌ಡಬ್ಲ್ಯು ಇದ್ದಾರಲ್ಲ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು? ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು. ಈ ಕೆಲಸಕ್ಕೆ ಕರ್ನಾಟಕದಲ್ಲಿ ವಿಕಲಚೇತನರನ್ನೇ ತೆಗೆದುಕೊಳ್ಳುತ್ತಾರೆ, ಗೌರವಧನ ಕೊಡುತ್ತಾರೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಯಾವ ಕಾಗದ ಬೇಕು, ಮಾಸಾಶನ ಯಾವ ಟೇಬಲ್‌ನಲ್ಲಿ ನಿಂತಿದೆ, ಇವೆಲ್ಲ ಅವರು ತಾವೇ ಅಲೆದು ತಿಳಿದುಕೊಂಡದ್ದು. ನಿಮ್ಹಾನ್ಸ್ ಜಗಳೂರು ತಾಲ್ಲೂಕಿನಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರ ಪುನರ್ವಸತಿಯನ್ನು ಊರಿನಲ್ಲೇ ಮಾಡುವ ಕೆಲಸವನ್ನೂ ನಡೆಸಿದೆ. ಫೀಲ್ಡ್‌ವರ್ಕ್‌ಗೆ ಹೋದಾಗ ನಿಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯು ಜೊತೆ ಅರ್ಧ ದಿನ ತಿರುಗಿ. ಪೀರ್ ಕೆಲಸ ಹೇಗಿರುತ್ತದೆ ಅನ್ನುವುದು ಕ್ಲಾಸಿಗಿಂತ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಹಾಗಾದರೆ ಮಾನಸಿಕ ಕಾಯಿಲೆ ದಾಟಿದವರನ್ನೂ ಇದೇ ಸಾಲಿಗೆ ಸೇರಿಸಬಹುದಲ್ಲ ಅಂತ ಕೇಳಬಹುದು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ. ತೊಡಕಿರುವುದು ಸರ್ಟಿಫಿಕೇಟಿನಲ್ಲಿ. ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ 40% ವೈಕಲ್ಯ ಇದೆ ಅಂತ ಸರ್ಟಿಫಿಕೇಟ್ ಬೇಕು. ಚೆನ್ನಾಗಿ ಚೇತರಿಸಿಕೊಂಡು, ದುಡಿಯುತ್ತಾ, ಇನ್ನೊಬ್ಬರ ಪಕ್ಕ ಕೂರುವಷ್ಟು ಗಟ್ಟಿಯಾದವರು ಆ ಅಳತೆಯಲ್ಲಿ 40% ಮುಟ್ಟುವುದೇ ಕಷ್ಟ. ಪೀರ್ ಕೆಲಸಕ್ಕೆ ಸರಿಯಾದವರು ಸರ್ಟಿಫಿಕೇಟಿನಲ್ಲಿ ಫೇಲಾಗುತ್ತಾರೆ, ಸರ್ಟಿಫಿಕೇಟ್ ಇರುವವರಲ್ಲಿ ಹಲವರಿಗೆ ಇನ್ನೂ ಈ ಕೆಲಸ ಭಾರ. ಅದಕ್ಕೇ ಈ ಹುದ್ದೆಗೆ ಶೇಕಡಾವಾರು ಕೇಳದೆ, ಚಿಕಿತ್ಸೆ ಪಡೆದ ದಾಖಲೆ ಮತ್ತು ತರಬೇತಿ ಎರಡನ್ನೇ ಕೇಳುವ ಬೇರೆ ನಿಯಮ ಬೇಕು ಎಂದು ನಾನು ಅಸೈನ್‌ಮೆಂಟಿನಲ್ಲಿ ಬರೆದಿದ್ದೇನೆ. ನಿಮಗೆ ಬೇರೆ ದಾರಿ ಹೊಳೆದರೆ ಸೆಮಿನಾರ್ ದಿನ ಅದನ್ನೇ ಎತ್ತಿ.