ಪಿಇಟಿ ಬೇಗ ಹರಳುಗಟ್ಬೇಕಾದ್ರೆ ಬೀಜ ಒಂದೇ ಸಾಲಲ್ಲ

ನೀರಿನ ಬಾಟಲಿ ಮಾಡೋ ಪ್ಲಾಸ್ಟಿಕ್ಕಾದ ಪಿಇಟಿ ಕರಗೋದು ಸುಮಾರು 255 ಡಿಗ್ರಿಗೆ, ಆದ್ರೂ ಬಾಟಲಿಗೆ ಕುದಿಯೋ ನೀರು ಹುಯ್ದ್ರೆ ಮುದುರ್ಕೊಂಡು ಹೋಗುತ್ತೆ, ಯಾಕಂದ್ರೆ ಹರಳಾಗದೆ ಉಳಿದ ಭಾಗ 75ರ ಆಸುಪಾಸಲ್ಲೇ ಮೆತ್ತಗಾಗುತ್ತೆ. ಅದೇ ಪಿಇಟಿಗೆ ಗ್ಲಾಸ್ ಫೈಬರ್ ಹಾಕಿ ಚೆನ್ನಾಗಿ ಹರಳುಗಟ್ಟಿಸಿದ್ರೆ 200 ಡಿಗ್ರಿಲೂ ಆಕಾರ ಬಿಡಲ್ಲ. ತೊಂದ್ರೆ ಏನಂದ್ರೆ ಇದು ಹರಳಾಗೋದು ತುಂಬ ನಿಧಾನ. ಮೋಲ್ಡ್ (ಅಚ್ಚು) ತಣ್ಣಗಿದ್ರೆ ದಪ್ಪ ಪೀಸ್ ಹೊರಗೆ ಗಾಜಿನ ಥರ, ಮುರಿದು ನೋಡಿದ್ರೆ ಒಳಗೆ ಹಾಲಿನ ಬಿಳುಪು. ಅದಕ್ಕೇ ಮೋಲ್ಡ್‌ನ 130–140ಕ್ಕೆ ಇಡೋದು.

ಮಂಡ್ಯ ಕಡೆಯವರಿಗೆ ಇದು ಸುಲಭ. ಸಕ್ಕರೆ ಫ್ಯಾಕ್ಟರಿ ಪ್ಯಾನಲ್ಲಿ ಪಾಕಕ್ಕೆ ನುಣ್ಣಗೆ ಅರೆದ ಸಕ್ಕರೆನ ಬೀಜವಾಗಿ ಬಿಡ್ತಾರೆ, ಅದರ ಮೇಲೆ ಹರಳು ಬೆಳೆಯುತ್ತೆ, ಆದ್ರೆ ಪಾಕ ತೀರಾ ಮಂದ ಆದ್ರೆ ಬೀಜ ಇದ್ರೂ ಬೆಳವಣಿಗೆ ಕುಂಟುತ್ತೆ. ಪಿಇಟಿಲೂ ಹಾಗೇ: ಮೇಲಿನ ಟೆಂಪರೇಚರಲ್ಲಿ ಬೀಜ ಹುಟ್ಟೋದೇ ಕಷ್ಟ, ಕೆಳಗಡೆ ಚೈನ್ (ಪಿಇಟಿಯ ಸರಪಳಿಯಂಥ ಉದ್ದ ಅಣು) ಅಲುಗಾಡೋದೇ ಕಷ್ಟ. ಮೊದಲನೇದಕ್ಕೆ ಬೀಜ ಒದಗಿಸೋ ನ್ಯೂಕ್ಲಿಯೇಟಿಂಗ್ ಏಜೆಂಟ್, ಎರಡನೇದಕ್ಕೆ ಚೈನ್ ಸಡಿಲ ಮಾಡೋ ಪ್ಲಾಸ್ಟಿಸೈಜರ್. ನಾನು ಮೈಸೂರಲ್ಲಿ ಓದೋಕೆ ಶುರು ಮಾಡಿದಾಗ ಎರಡೂ ಒಂದೇ ಅಂದ್ಕೊಂಡು ತುಂಬ ದಿನ ಗೊಂದಲದಲ್ಲಿದ್ದೆ.

ನ್ಯೂಕ್ಲಿಯೇಟಿಂಗ್ ಏಜೆಂಟಲ್ಲಿ ಟಾಲ್ಕ್ ಪುಡಿ ಕರಗದೆ ಉಳಿದು ಬರೀ ಬೀಜವಾಗಿ ಕೂರುತ್ತೆ. ಸೋಡಿಯಂ ಬೆಂಜೊಯೇಟ್ ಹಾಗಲ್ಲ, ಜ್ಯೂಸ್ ಕೆಡದಿರಲಿ ಅಂತ ಹಾಕೋ ಅದೇ ಉಪ್ಪು ಇಲ್ಲಿ ಕರಗಿದ ಪಿಇಟಿ ಚೈನ್ ಜೊತೆ ರಿಯಾಕ್ಟ್ ಆಗಿ ಅದನ್ನ ಕತ್ತರಿಸುತ್ತೆ, ತುಂಡಾದ ತುದಿಗೆ ಸೋಡಿಯಂ ಅಂಟ್ಕೊಳ್ಳುತ್ತೆ, ಆ ತುದಿಗಳೇ ಒಟ್ಟುಗೂಡಿ ಬೀಜ ಆಗ್ತವೆ. ಇದನ್ನ 1980ರ ದಶಕದಲ್ಲಿ ಸಂಶೋಧಕರಾದ ಲೆಗ್ರಾಸ್, ಮರ್ಸಿಯೆ ಮತ್ತವರ ಜೊತೆಯವರು ತೋರಿಸಿದ್ರು, ನಂಗೆ ಈ ಇಡೀ ಪಾಠದಲ್ಲಿ ತುಂಬ ಇಷ್ಟವಾದ ಜಾಗ ಇದೇ. ಬೆಲೆನೂ ಇದೆ: ಚೈನ್ ಚಿಕ್ಕದಾದಷ್ಟೂ ಪೀಸ್ ಪೆಡಸಾಗುತ್ತೆ, ಮತ್ತೆ ಕರಗಿದ ಮಾಲು ಮೆಷಿನ್‌ನ ಬ್ಯಾರಲಲ್ಲಿ (ಪ್ಲಾಸ್ಟಿಕ್ ಕರಗಿಸೋ ಬಿಸಿ ಕೊಳವೆ) ಜಾಸ್ತಿ ಹೊತ್ತು ಕೂತ್ರೆ ಆ ತುದಿಗಳು ಒಂದಕ್ಕೊಂದು ರಿಯಾಕ್ಟ್ ಆಗಿ ಬೀಜದ ಶಕ್ತಿನೇ ಕುಗ್ಗುತ್ತೆ. ಮೆಷಿನ್‌ಗೆ ಹಾಕೋ ಮುಂಚೆ ಪಿಇಟಿ ಚೆನ್ನಾಗಿ ಒಣಗಿಸ್ಲೇಬೇಕು, ಇಲ್ಲಾಂದ್ರೆ ತೇವನೂ ಚೈನ್ ಕತ್ತರಿಸುತ್ತೆ.

ಪ್ಲಾಸ್ಟಿಸೈಜರ್ ಅಂದ್ರೆ ನಿಯೋಪೆಂಟೈಲ್ ಗ್ಲೈಕಾಲ್ ಡೈಬೆಂಜೊಯೇಟ್ ಥರದ್ದು, ಚೈನ್ ಮಧ್ಯೆ ಸೇರ್ಕೊಂಡು ಸಡಿಲ ಮಾಡುತ್ತೆ, ಮೋಲ್ಡ್ ಸ್ವಲ್ಪ ತಣ್ಣಗಿದ್ರೂ ಹರಳಾಗೋಕೆ ಟೈಮ್ ಸಿಗುತ್ತೆ.

ಡಿಎಸ್‌ಸಿ (ಸ್ಯಾಂಪಲ್‌ನ ಬಿಸಿ, ತಣ್ಣಗೆ ಮಾಡುವಾಗ ಅದು ಎಷ್ಟು ಶಾಖ ಹೀರುತ್ತೆ, ಬಿಡುತ್ತೆ ಅಂತ ಅಳೆಯೋ ಯಂತ್ರ) ಗ್ರಾಫ್ ನೋಡುವಾಗ ಹೀಗೆ ಗುರುತು ಹಿಡೀರಿ: ಕರಗಿಸಿ ತಣ್ಣಗೆ ಮಾಡ್ತಾ ಬಂದಾಗ ಹರಳಾಗೋ ಪೀಕ್ ಇನ್ನೂ ಬಿಸಿ ಇರುವಾಗ್ಲೇ ಬಂತು ಅಂದ್ರೆ ಬೀಜ ಕೆಲಸ ಮಾಡಿದೆ, ಗಾಜಿನ ಥರ ತಣ್ಣಗಾದ ಸ್ಯಾಂಪಲ್‌ನ ಬಿಸಿ ಮಾಡ್ತಾ ಹೋದಾಗ, ಸಾಮಾನ್ಯವಾಗಿ 130ರ ಹತ್ರ ಬರೋ ಪೀಕ್ ಮುಂಚೇನೇ ಬಂದು ಜೊತೆಗೆ ಗ್ಲಾಸ್ ಟ್ರಾನ್ಸಿಶನ್ನೂ (ಹರಳಾಗದ ಭಾಗ ಮೆತ್ತಗಾಗೋ ಆ 75ರ ಆಸುಪಾಸಿನ ಟೆಂಪರೇಚರ್) ಕೆಳಗಿಳಿದಿದ್ರೆ ಅದು ಪ್ಲಾಸ್ಟಿಸೈಜರ್ ಕೆಲಸ.