‘ಇಲ್ಲಿ ಮಾಡೋದಿಲ್ಲ’: ಗರ್ಭಪಾತಕ್ಕೆ ಕ್ಯಾಥೊಲಿಕ್ ವಿರೋಧ ಬಂದ ದಾರಿ

ಬೆಂಗಳೂರಲ್ಲಿ ಹೆರಿಗೆ ಅಂದ ಕೂಡಲೇ ನೆನಪಾಗುವ ಆಸ್ಪತ್ರೆಗಳಲ್ಲಿ ಕೆಲವು ಕ್ಯಾಥೊಲಿಕ್ ಚರ್ಚಿನವು. ನೃಪತುಂಗ ರಸ್ತೆಯ ಸೇಂಟ್ ಮಾರ್ಥಾಸ್ 1886ರಿಂದ ಇದೆ. ಕೋರಮಂಗಲದ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜನ್ನು ಭಾರತದ ಬಿಷಪರೇ ಸೇರಿ 1963ರಲ್ಲಿ ಶುರು ಮಾಡಿದರು. ಇಂಥ ಆಸ್ಪತ್ರೆಗಳಿಗೆ ಎಲ್ಲ ಜಾತಿ ಧರ್ಮದ ಬಸುರಿಯರೂ ಬರುತ್ತಾರೆ. ಬಿಪಿ ಇರಲಿ, ಶುಗರ್ ಇರಲಿ, ತಿಂಗಳು ತುಂಬದ ಕೂಸಿರಲಿ, ಎಲ್ಲಕ್ಕೂ ಚಿಕಿತ್ಸೆ ಇದೆ. ಆದರೆ ‘ಬೇಡವಾದ ಬಸಿರು, ತೆಗೆಸಬೇಕು’ ಎಂದು ಬಂದವರಿಗೆ ಕ್ಯಾಥೊಲಿಕ್ ಆಸ್ಪತ್ರೆಗಳ ಉತ್ತರ ಒಂದೇ: ಇಲ್ಲಿ ಮಾಡೋದಿಲ್ಲ. ಕಾನೂನು ಒಪ್ಪಿದ್ದರೂ ಸರಿ.

ಅಮೆರಿಕದ ಸುದ್ದಿ ನೋಡಿ ಅಭ್ಯಾಸ ಆದವರಿಗೆ ಗರ್ಭಪಾತ ಅಂದರೆ ಬೀದಿಯಲ್ಲಿ ಫಲಕ ಹಿಡಿಯುವ ಜಗಳ. ನಮ್ಮ ಊರಲ್ಲಿ ಅದು ಹೆಚ್ಚಾಗಿ ಆಸ್ಪತ್ರೆಯ ನಿಯಮವಾಗಿ, ಚರ್ಚಿನ ಉಪದೇಶದ ಮಾತಾಗಿ, ಮದುವೆಗೆ ಮುಂಚಿನ ತರಗತಿಯ ಪಾಠವಾಗಿ ಇರುತ್ತದೆ. ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ವೋಟಿನ ಲೆಕ್ಕದಲ್ಲಿ ಇದನ್ನು ಯಾರೂ ಕೇಳೋದಿಲ್ಲ.

ಚರ್ಚು ‘ಬೇಡ’ ಅಂದಿದ್ದು ಬಹಳ ಹಿಂದೆ. ಕ್ರಿಸ್ತಶಕದ ಮೊದಲ ಶತಮಾನದ ಕೊನೆಗೋ ಎರಡನೆಯದರ ಆರಂಭಕ್ಕೋ ಸೇರಿದ ‘ದಿದಾಖೆ’ ಎಂಬ ಕ್ರೈಸ್ತರ ಪುಟ್ಟ ಕೈಪಿಡಿಯಲ್ಲೇ ಗರ್ಭ ತೆಗೆಸಬೇಡ, ಹುಟ್ಟಿದ ಕೂಸನ್ನು ಕೊಲ್ಲಬೇಡ ಅನ್ನುವ ಆಜ್ಞೆಗಳು ಒಟ್ಟಿಗೆ ಬರುತ್ತವೆ. ಬೇಡದ ಕೂಸನ್ನು ಬೀದಿಯಲ್ಲಿ ಬಿಟ್ಟುಹೋಗುವುದು ರೋಮಿನಲ್ಲಿ ಮಾಮೂಲಿಯಾಗಿದ್ದ ಕಾಲ ಅದು. ಆಗಿನ ಕ್ರೈಸ್ತರು ತಮ್ಮನ್ನು ಬೇರೆಯವರಿಂದ ಗುರುತಿಸಿಕೊಂಡ ವಿಷಯಗಳಲ್ಲಿ ಇದೂ ಒಂದು.

ಆದರೆ ‘ಯಾಕೆ ಬೇಡ’ ಎನ್ನುವ ಉತ್ತರ ಮಾತ್ರ ಒಂದೇ ಥರ ಇರಲಿಲ್ಲ. ಇದನ್ನು ಪರ ವಿರೋಧ ಎರಡೂ ಕಡೆಯವರು ಮರೆಯುತ್ತಾರೆ. ಭ್ರೂಣಕ್ಕೆ ಮನುಷ್ಯನ ಆತ್ಮ ಬರಲು ಗಂಡಿಗಾದರೆ ಸುಮಾರು 40 ದಿನ, ಹೆಣ್ಣಿಗಾದರೆ 90 ದಿನ ಬೇಕು ಎಂದು ಅರಿಸ್ಟಾಟಲ್ ಲೆಕ್ಕ ಹಾಕಿದ್ದ. (ಹೆಣ್ಣಿಗೆ ಆಗಲೂ ಕ್ಯೂನಲ್ಲಿ ಹಿಂದಿನ ಜಾಗವೇ!) 13ನೇ ಶತಮಾನದ ಕ್ಯಾಥೊಲಿಕ್ ಚಿಂತಕ ಸಂತ ತೋಮಸ್ ಅಕ್ವಿನಾಸ್ ಕೂಡ, ಆತ್ಮ ಬರುವುದು ಸ್ವಲ್ಪ ತಡವಾಗಿ ಎಂಬ ಈ ವಿಚಾರವನ್ನು ಒಪ್ಪಿಕೊಂಡಿದ್ದ. ಹಾಗಂತ ಮೊದಲ ವಾರಗಳಲ್ಲಿ ತೆಗೆಸಬಹುದು ಅಂತಲ್ಲ. ಅದೂ ದೊಡ್ಡ ಪಾಪವೇ. ಕೊಲೆ ಎನ್ನುವ ಹೆಸರು ಮಾತ್ರ ಆತ್ಮ ಬಂದ ಮೇಲಿನದಕ್ಕೆ.

ಶಿಕ್ಷೆಯ ವಿಷಯದಲ್ಲಂತೂ ರೋಮ್, ಅಂದರೆ ಪೋಪರ ಆಡಳಿತ, ಹಿಂದೆ ಮುಂದೆ ಓಡಾಡಿದೆ. 1588ರಲ್ಲಿ ಪೋಪ್ ಐದನೇ ಸಿಕ್ಸ್ತುಸ್, ಎಷ್ಟು ದಿನದ ಬಸಿರಾದರೂ ತೆಗೆಸಿದರೆ ಕೊಲೆಯೇ, ಚರ್ಚಿನಿಂದ ಬಹಿಷ್ಕಾರವೇ ಎಂದು ಆಜ್ಞೆ ಹೊರಡಿಸಿದರು. ಅದರಿಂದ ಬಿಡುಗಡೆ ಬೇಕಾದರೆ ರೋಮಿನ ತನಕ ಹೋಗಬೇಕು. ಎರಡು ವರ್ಷಕ್ಕೆ ಅವರು ತೀರಿಕೊಂಡರು. 1591ರಲ್ಲಿ ಹದಿನಾಲ್ಕನೇ ಗ್ರೆಗರಿ ಇದನ್ನು ಸಡಿಲ ಮಾಡಿ, ಆತ್ಮ ಬರುವ ಮುಂಚೆ, ಬಂದ ಮೇಲೆ ಎಂಬ ಹಳೆಯ ವ್ಯತ್ಯಾಸವನ್ನೇ ವಾಪಸ್ ತಂದರು. ಅದು ಹೋಗಿದ್ದು 1869ರಲ್ಲಿ, ಒಂಬತ್ತನೇ ಪಿಯುಸ್ ಕಾಲಕ್ಕೆ. ಆ ಮಧ್ಯೆ ವಿಜ್ಞಾನ ಬೇರೆ ಮುಂದೆ ಬಂದಿತ್ತು. 1827ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಸಸ್ತನಿಗಳ ಅಂಡಾಣುವನ್ನು ಕಂಡುಹಿಡಿದಿದ್ದ. ಬೆಳವಣಿಗೆ ಮೊದಲ ದಿನದಿಂದ ಒಂದೇ ಎಳೆಯಾಗಿ ಸಾಗುತ್ತದೆ ಅನ್ನುವುದು ನಿಧಾನಕ್ಕೆ ಗೊತ್ತಾಗತೊಡಗಿತ್ತು. 40 ದಿನದ ಲೆಕ್ಕಕ್ಕೆ ಕಾಲೂರಲು ಜಾಗ ಉಳಿಯಲಿಲ್ಲ.

1974ರಲ್ಲಿ ವ್ಯಾಟಿಕನ್ ಹೊರಡಿಸಿದ ಘೋಷಣೆ ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲೇ ಜಾಣ ದಾಖಲೆ. ಆತ್ಮ ಯಾವ ಕ್ಷಣದಲ್ಲಿ ಬರುತ್ತದೆ ಎಂಬ ಪ್ರಶ್ನೆಯನ್ನು ಅದು ಬೇಕೆಂದೇ ಬದಿಗಿಟ್ಟಿತು. ಮನುಷ್ಯನಿರಬಹುದು ಎಂಬ ಅನುಮಾನ ಇದ್ದರೂ ಸಾಕು, ಕೊಲ್ಲುವ ಅಪಾಯಕ್ಕೆ ಕೈ ಹಾಕುವುದೇ ತಪ್ಪು ಅಂದಿತು. ಪೊದೆಯ ಹಿಂದೆ ಅಲ್ಲಾಡಿದ್ದು ಜಿಂಕೆಯೋ ಮನುಷ್ಯನೋ ಗೊತ್ತಿಲ್ಲದೆ ಬೇಟೆಗಾರ ಗುಂಡು ಹಾರಿಸಬಾರದು, ಅಲ್ವಾ? ಅದೇ ವಾದ. ಅಲ್ಲಿಂದೀಚೆಗೆ ಚರ್ಚಿನ ಮಾತಲ್ಲಿ ಆತ್ಮಕ್ಕಿಂತ ‘ಬದುಕುವ ಹಕ್ಕು’ ಜಾಸ್ತಿ ಕೇಳಿಸುತ್ತದೆ. ಸಂಸತ್ತಿನಲ್ಲೂ ಕೋರ್ಟಿನಲ್ಲೂ ನಡೆಯುವ ನಾಣ್ಯ ಅದು.

ಇನ್ನು ನಮ್ಮ ದೇಶದ ಕಥೆ. 1860ರ ಭಾರತೀಯ ದಂಡ ಸಂಹಿತೆಯ ಪ್ರಕಾರ ತಾಯಿಯ ಜೀವ ಉಳಿಸಲು ಮಾಡಿದ್ದನ್ನು ಬಿಟ್ಟರೆ ಗರ್ಭಪಾತ ಅಪರಾಧವಾಗಿತ್ತು. ನೂರು ವರ್ಷ ಹಾಗೇ ನಡೆಯಿತು. ಕದ್ದು ಮುಚ್ಚಿ ಮಾಡಿಸಿಕೊಂಡು ಸಾಯುವ ಹೆಂಗಸರ ಸಂಖ್ಯೆ ನೋಡಿ 1964ರಲ್ಲಿ ಸರ್ಕಾರ ಶಾಂತಿಲಾಲ್ ಶಾ ಸಮಿತಿ ಮಾಡಿತು. ಆ ಸಮಿತಿಯ ವರದಿ ಆಧರಿಸಿ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂತು, 1972ರ ಏಪ್ರಿಲ್ 1ರಿಂದ ಜಾರಿಯಾಯಿತು. ಆಗ 12 ವಾರದ ತನಕ ಒಬ್ಬ ಡಾಕ್ಟರ ಅಭಿಪ್ರಾಯ ಬೇಕಿತ್ತು, 20 ವಾರದ ತನಕ ಇಬ್ಬರದು. ಗರ್ಭಪಾತಕ್ಕೆ ದಾರಿ ಬಿಟ್ಟ ಅಮೆರಿಕದ ಪ್ರಸಿದ್ಧ ‘ರೋ ವರ್ಸಸ್ ವೇಡ್’ ತೀರ್ಪು ಬಂದಿದ್ದು 1973ರಲ್ಲಿ, ಅಂದರೆ ನಾವು ಅವರಿಗಿಂತ ಮುಂಚೆ.

ಆದರೆ ಇಲ್ಲಿ ಕಾನೂನು ‘ಹೆಣ್ಣಿನ ಹಕ್ಕು’ ಅಂತ ಬರಲಿಲ್ಲ. ತಾಯಂದಿರ ಸಾವು ತಡೆಯುವ ಹೆಸರಲ್ಲಿ ಬಂತು. ಪಕ್ಕದಲ್ಲೇ ಜನಸಂಖ್ಯೆಯ ಭಯ ಇತ್ತು. ಗೋಡೆ ಗೋಡೆಗೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ‘ನಾವಿಬ್ಬರು ನಮಗಿಬ್ಬರು’. ಮದುವೆಯಾದವರಿಗೆ ಗರ್ಭನಿರೋಧಕ ಕೈಕೊಟ್ಟರೆ ಅದೂ ತೆಗೆಸಲು ಒಂದು ಕಾರಣ ಎಂದು ಕಾಯ್ದೆಯೇ ಹೇಳಿತು. ಚರ್ಚಿಗೆ ಪೇಚಾಟ ಶುರುವಾಗಿದ್ದು ಇಲ್ಲೇ. 1968ರಲ್ಲಷ್ಟೇ ಪೋಪ್ ಆರನೇ ಪೌಲ್, ಮಾತ್ರೆ, ನಿರೋಧ್ ಯಾವುದೂ ಬೇಡ ಎಂದಿದ್ದರು. ಹಾಗಾಗಿ ಬಿಷಪರು ಗರ್ಭಪಾತದ ವಿರುದ್ಧ ಬಾಯಿ ತೆರೆದರೆ ಕುಟುಂಬ ಯೋಜನೆಯನ್ನೇ ವಿರೋಧಿಸುವವರ ಹಾಗೆ ಕಾಣುತ್ತಿದ್ದರು. ಸುಮ್ನೆ ಕಾಣುವುದಷ್ಟೇ ಅಲ್ಲ, ಅರ್ಧ ನಿಜವೂ ಹೌದು. ಬದಲಿಗೆ ಅವರು ಕೊಟ್ಟಿದ್ದು ಸಹಜ ವಿಧಾನ: ಹೆಂಡತಿಯ ದೇಹದ ಲಕ್ಷಣ ನೋಡಿ ಫಲವತ್ತಾದ ದಿನಗಳನ್ನು ಬಿಡುವುದು. ಅದಕ್ಕೆ ಗಂಡನ ಸಹಕಾರ ಬೇಕು. ಕುಡಿದು ಬರುವ ಗಂಡನ ಮುಂದೆ ಈ ಚಾರ್ಟು ಎಷ್ಟು ದಿನ ನಡೆದೀತು?

ವಾದಕ್ಕೆ ದೇಶದಲ್ಲಿ ಒಂದು ಮುಖ ಸಿಕ್ಕಿದ್ದು 1979ರಲ್ಲಿ. ನೊಬೆಲ್ ಶಾಂತಿ ಪ್ರಶಸ್ತಿಯ ಭಾಷಣದಲ್ಲಿ ಮದರ್ ತೆರೇಸಾ, ಇವತ್ತು ಶಾಂತಿಯನ್ನು ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುತ್ತಿರುವುದು ಗರ್ಭಪಾತ ಅಂದರು. ನಾವು ಇದರ ವಿರುದ್ಧ ದತ್ತು ಕೊಡುವ ಮೂಲಕ ಹೋರಾಡುತ್ತಿದ್ದೇವೆ ಎಂದೂ ಹೇಳಿದರು. ‘ಕೊಲ್ಲಬೇಡಿ, ನಮಗೆ ಕೊಡಿ’ ಎನ್ನುವ ಈ ಮಾತಿಗೆ ತೂಕ ಇತ್ತು, ಯಾಕಂದರೆ ಹಿಂದೆ ನಿಜವಾದ ತೊಟ್ಟಿಲುಗಳಿದ್ದವು. ಆದರೆ 2015ರಲ್ಲಿ ಹೊಸ ದತ್ತು ನಿಯಮದ ಪ್ರಕಾರ ಒಂಟಿಯಾಗಿರುವವರಿಗೂ ಮಗು ಕೊಡಬೇಕು ಎಂದಾದಾಗ, ಅವರದೇ ಸಂಸ್ಥೆ ದತ್ತು ಕೊಡುವುದನ್ನೇ ನಿಲ್ಲಿಸಿತು. ಒಂದು ತತ್ವ ಉಳಿಸಲು ಇನ್ನೊಂದನ್ನು ಬಿಟ್ಟಂತಾಯಿತು ಅನ್ನಿಸುತ್ತದೆ ನನಗೆ.

ಕರ್ನಾಟಕದಲ್ಲಿ ಚರ್ಚಿನ ಮಾತಿಗೆ ಬೇರೆಯವರೂ ತಲೆದೂಗುವ ಒಂದು ಜಾಗ ಇದೆ, ಹೆಣ್ಣುಭ್ರೂಣ ಹತ್ಯೆ. 2023ರ ನವೆಂಬರ್‌ನಲ್ಲಿ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಜಾಲ ನೆನಪಿರಬಹುದು. ಮಂಡ್ಯದ ಆಲೆಮನೆಯೊಂದರಲ್ಲಿ, ಬೆಲ್ಲ ಕಾಯಿಸುವ ಜಾಗದಲ್ಲಿ, ಕದ್ದು ಸ್ಕ್ಯಾನಿಂಗ್. ಹೆಣ್ಣು ಅಂತ ಗೊತ್ತಾದರೆ ಗರ್ಭಪಾತ. 1994ರ ಲಿಂಗಪತ್ತೆ ನಿಷೇಧ ಕಾಯ್ದೆ ಇದ್ದೂ ಇದು ನಡೆಯಿತು. ಇಂಥದ್ದು ಹೊರಗೆ ಬಂದಾಗ ಮಹಿಳಾ ಸಂಘಟನೆಗಳೂ ಪಾದ್ರಿಗಳೂ ಒಂದೇ ಸಿಟ್ಟಿನಲ್ಲಿ ಮಾತಾಡುತ್ತಾರೆ. ದಾರಿ ಕವಲೊಡೆಯುವುದು ಮುಂದಿನ ಪ್ರಶ್ನೆಗೆ. ಅತ್ಯಾಚಾರದಿಂದ ಬಸಿರಾದರೆ? ಆಗಲೂ ಬೇಡ ಅನ್ನುತ್ತದೆ ಚರ್ಚು, ಅಪ್ಪನ ತಪ್ಪಿಗೆ ಕೂಸಿಗೆ ಶಿಕ್ಷೆ ಬೇಡ ಅಂತ. ತರ್ಕದಲ್ಲಿ ಬಿರುಕಿಲ್ಲ. ಆ ಹುಡುಗಿಯ ಎದುರು ಕೂತು ಹೇಳುವುದು ಬೇರೆ ಮಾತು. ಇಲ್ಲಿ ಎಷ್ಟೋ ಕ್ಯಾಥೊಲಿಕ್ಕರೂ ಮನಸ್ಸಲ್ಲೇ ತಡವರಿಸುತ್ತಾರೆ.

ತಾಯಿಯ ಜೀವಕ್ಕೇ ಕುತ್ತು ಬಂದರೆ? ಇದಕ್ಕೆ ಚರ್ಚಿನಲ್ಲಿ ಹಳೆಯ ಒಂದು ಸೂತ್ರ ಇದೆ. ಗರ್ಭಕೋಶಕ್ಕೆ ಕ್ಯಾನ್ಸರ್ ಆಗಿದ್ದರೆ ಅದನ್ನು ತೆಗೆಯಬಹುದು, ಗರ್ಭನಾಳದಲ್ಲಿ ಭ್ರೂಣ ಕೂತಿದ್ದರೆ ಹಾಳಾದ ನಾಳವನ್ನು ತೆಗೆಯಬಹುದು. ಭ್ರೂಣ ಉಳಿಯುವುದಿಲ್ಲ ಎಂದು ಗೊತ್ತಿದ್ದರೂ, ಉದ್ದೇಶ ಅದನ್ನು ಕೊಲ್ಲುವುದಲ್ಲ. ನೇರವಾಗಿ ಭ್ರೂಣದ ಮೇಲೆ ಕೈ ಮಾಡಬಾರದು, ಅಷ್ಟೇ. ಹೇಳುವುದು ಸುಲಭ. ಬೆಳಗಾವಿಯ ಹಲ್ಲಿನ ಡಾಕ್ಟರ್ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೆಯಲ್ಲಿ ತೀರಿಕೊಂಡಿದ್ದು ಕನ್ನಡಿಗರಿಗೆ ಮರೆತಿಲ್ಲ. 17 ವಾರದ ಬಸಿರು ನಿಲ್ಲುವುದಿಲ್ಲ ಎಂದು ಗೊತ್ತಾಗಿತ್ತು. ತೆಗೆಯಿರಿ ಎಂದು ಅವರೇ ಕೇಳಿಕೊಂಡಿದ್ದರು. ಭ್ರೂಣದ ಎದೆಬಡಿತ ಇದೆ ಎಂದು ಕಾದರು, ನಂಜು ಏರಿತು. ಮಗುವಿನ ಜೀವ ತಾಯಿಯದಕ್ಕಿಂತ ಮೇಲು ಎಂದು ನಾವು ಯಾವತ್ತೂ ಬೋಧಿಸಿಲ್ಲ ಎಂದು ಐರ್ಲೆಂಡಿನ ಬಿಷಪರು ಆಮೇಲೆ ಹೇಳಿದರು. ಇರಬಹುದು. ಆದರೆ ಆ ಬೋಧನೆಯ ನೆರಳಲ್ಲಿ ಹುಟ್ಟಿದ ಕಾನೂನು ಡಾಕ್ಟರರ ಕೈ ಕಟ್ಟಿತ್ತು. 2018ರ ಜನಮತದಲ್ಲಿ ಐರ್ಲೆಂಡಿನ ಶೇ 66ರಷ್ಟು ಮತದಾರರು ಆ ನಿಷೇಧ ಕಿತ್ತುಹಾಕಲು ಹೌದು ಅಂದರು.

ನಮ್ಮಲ್ಲಿ 2021ರ ತಿದ್ದುಪಡಿ ಕೆಲವು ವರ್ಗದ ಹೆಂಗಸರಿಗೆ ಮಿತಿಯನ್ನು 24 ವಾರಕ್ಕೆ ಏರಿಸಿತು. ಮದುವೆಯಾಗದವರಿಗೂ ಇದು ಅನ್ವಯ ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಅದೇ ಕೋರ್ಟು, 26 ವಾರ ದಾಟಿದ ಬಸುರಿಯೊಬ್ಬರ ಅರ್ಜಿ ತಳ್ಳಿಹಾಕಿತು. ಭ್ರೂಣಕ್ಕೆ ತೊಂದರೆ ಇಲ್ಲ, ತಾಯಿಗೂ ತಕ್ಷಣದ ಅಪಾಯ ಇಲ್ಲ, ಬಡಿಯುವ ಹೃದಯ ನಿಲ್ಲಿಸಲಾರೆವು ಎಂಬ ಧಾಟಿಯಲ್ಲಿ.

ರೋಮ್ ಈ ನಡುವೆ ಇನ್ನೊಂದು ಕಡೆಯಿಂದ ಮೆತ್ತಗಾಗಿದೆ. ಚರ್ಚಿನ ಕಾನೂನಿನಲ್ಲಿ ಗರ್ಭಪಾತಕ್ಕೆ ತಾನಾಗಿಯೇ ಬಹಿಷ್ಕಾರ ಬೀಳುತ್ತದೆ. ಆದರೆ 16 ತುಂಬದವರಿಗೆ ಈ ಶಿಕ್ಷೆ ಇಲ್ಲ, ತೀರಾ ಭಯಕ್ಕೆ ಸಿಕ್ಕಿ ಮಾಡಿಸಿಕೊಂಡವರಿಗೂ ಅದು ಹಾಗೆ ತಾನಾಗಿ ಬೀಳುವುದಿಲ್ಲ. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ಇಡೀ ಚರ್ಚಿಗೆ ಬರೆದ ತಮ್ಮ ವಿಶ್ವಪತ್ರದಲ್ಲಿ, ಗರ್ಭ ತೆಗೆಸಿಕೊಂಡ ಹೆಂಗಸರನ್ನೇ ನೇರವಾಗಿ ಕುರಿತು ಎದೆಗುಂದಬೇಡಿ ಎಂದು ಬರೆದರು. 2016ರಲ್ಲಿ ಪೋಪ್ ಫ್ರಾನ್ಸಿಸ್, ಈ ಪಾಪಕ್ಕೆ ಯಾವ ಪಾದ್ರಿಯಾದರೂ ಕ್ಷಮೆ ಕೊಡಬಹುದು ಎಂದು ಮಾಡಿದರು. ನಿಯಮ ಅದೇ, ಬಾಗಿಲು ಅಗಲವಾಯಿತು. ಈಗ ಶಿವಾಜಿನಗರದ ಬೆಸಿಲಿಕಾದಲ್ಲಾಗಲಿ ವಿವೇಕನಗರದ ಬಾಲಯೇಸು ದೇವಾಲಯದಲ್ಲಾಗಲಿ ಪಾಪನಿವೇದನೆಗೆ ಕೂತ ಫಾದರ್ ಬಿಷಪರ ಅಪ್ಪಣೆಗೆ ಕಾಯಬೇಕಿಲ್ಲ.

ಇತ್ಯರ್ಥ ಆಗದೆ ಉಳಿದಿರುವುದು ನರ್ಸುಗಳ ಪ್ರಶ್ನೆ. ಚರ್ಚಿನ ಆಸ್ಪತ್ರೆಗೆ ಕಷ್ಟವಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲವೇ ಸರ್ಕಾರದ ಒಪ್ಪಿಗೆ ಪಡೆದ ಜಾಗದಲ್ಲಷ್ಟೇ ಗರ್ಭಪಾತ ಮಾಡಬೇಕು ಅನ್ನುತ್ತದೆ ಕಾಯ್ದೆ, ಅವರು ಒಪ್ಪಿಗೆ ಕೇಳುವುದೇ ಇಲ್ಲ. ಆದರೆ ಮಂಗಳೂರಿಂದಲೋ ಕೇರಳದಿಂದಲೋ ಬಂದು ಬೇರೆ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುವ ಕ್ಯಾಥೊಲಿಕ್ ಸಿಸ್ಟರ್ ಏನು ಮಾಡಬೇಕು? ಮನಸ್ಸಾಕ್ಷಿ ಒಪ್ಪದಿದ್ದರೆ ಬಿಡಬಹುದು ಎಂಬ ಸಾಲು ನಮ್ಮ ಕಾಯ್ದೆಯಲ್ಲಿ ಇಲ್ಲ. ಬಲವಂತವಾಗಿ ಮಾಡಲೇಬೇಕು ಎಂಬ ಸಾಲೂ ಇಲ್ಲ. ಹೀಗಾಗಿ ಅವಳ ಪಾಡು ಆ ದಿನದ ಡ್ಯೂಟಿ ಪಟ್ಟಿ ಬರೆಯುವ ಇನ್‌ಚಾರ್ಜ್ ಸಿಸ್ಟರ್ ಎಷ್ಟು ಒಳ್ಳೆಯವರು ಅನ್ನುವುದರ ಮೇಲೆ ನಿಂತಿದೆ.