ಬಿಜಾಪುರ ಅಂತ ಹುಡುಕಿದವರಿಗೆ ವಿಜಯಪುರ ಸಿಗೋದು ಹೇಗೆ? ಕೀವರ್ಡ್‌ನ ಮೂವತ್ತು ವರ್ಷದ ಕಥೆ

ಇಳಕಲ್‌ನಲ್ಲಿ ನಮ್ಮ ಪರಿಚಯದವರೊಬ್ಬರ ಸೀರೆ ಅಂಗಡಿ ಇದೆ. ಅಜ್ಜನ ಕಾಲದ್ದು. ಹೋದ ವರ್ಷ ಅವರು ಫೋನ್ ಮಾಡಿ, "ತಮ್ಮಾ, ವೆಬ್‌ಸೈಟ್ ಮಾಡಿಸಿ ಎರಡು ವರ್ಷ ಆತು. ಗೂಗಲ್‌ನ್ಯಾಗ ಹುಡುಕಿದ್ರ ನಮ್ಮದೊಂದು ಬಿಟ್ಟು ಊರಾಗಿನ ಎಲ್ಲಾರ ಅಂಗಡಿನೂ ಬರ್ತಾವ. ಒಂದೀಟು ನೋಡು" ಅಂದರು.

ತೆರೆದು ನೋಡಿದೆ. ಫೋಟೊ ಚೆನ್ನಾಗಿದ್ದವು, ಫೋನ್ ನಂಬರ್ ಸರಿ ಇತ್ತು. ಆದರೆ ಪುಟದ ಕೊನೆಯಲ್ಲಿ, ವಿಳಾಸ ಮುಗಿದ ಮೇಲೆ, ಯಾಕೋ ಒಂದು ಮೊಳ ಖಾಲಿ ಜಾಗ. ಅನುಮಾನ ಬಂದು ಅಲ್ಲಿ ಮೌಸ್ ಎಳೆದೆ. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ: "ಇಳಕಲ್ ಸೀರೆ, ಇಳಕಲ್ ಸೀರೆ ಬೆಲೆ, ಬೆಸ್ಟ್ ಇಳಕಲ್ ಸೀರೆ, ಇಳಕಲ್ ಸೀರೆ ಆನ್‌ಲೈನ್, ಇಳಕಲ್ ಸೀರೆ ಬಾಗಲಕೋಟೆ..." ಜಪಮಾಲೆ ಹಾಗೇ ಮುಂದುವರಿದಿತ್ತು. ಕೀವರ್ಡ್ ಅಂದರೆ ಜನ ಹುಡುಕುವಾಗ ಟೈಪ್ ಮಾಡುವ ಪದ. ಸೈಟ್ ಮಾಡಿಕೊಟ್ಟವರು ಇದಕ್ಕೆ "ಕೀವರ್ಡ್ ಕೆಲಸ" ಅಂತ ಬೇರೆ ದುಡ್ಡು ತಗೊಂಡಿದ್ದರಂತೆ.

ಇಪ್ಪತ್ತೈದು ವರ್ಷದ ಹಿಂದಾಗಿದ್ದರೆ ಈ ಕೆಲಸ ಫಲ ಕೊಡುತ್ತಿತ್ತು. ತಮಾಷೆ ಅಲ್ಲ, ನಿಜವಾಗಿಯೂ ಕೊಡುತ್ತಿತ್ತು.

1994ರಲ್ಲಿ ವೆಬ್‌ಕ್ರಾಲರ್, ಲೈಕೋಸ್ ಬಂದವು. 1995ರ ಡಿಸೆಂಬರ್‌ನಲ್ಲಿ ಆಲ್ಟಾವಿಸ್ಟಾ ಬಂತು. ಆಗಿನ ಹುಡುಕು ಯಂತ್ರಗಳು ಮುಖ್ಯವಾಗಿ ಪದ ಎಣಿಸುತ್ತಿದ್ದವು. ನೀವು ಟೈಪ್ ಮಾಡಿದ ಪದ ಯಾವ ಪುಟದಲ್ಲಿದೆ, ಎಷ್ಟು ಸಲ ಇದೆ, ತಲೆಬರಹದಲ್ಲಿ ಇದೆಯಾ, ಅಷ್ಟೇ ನೋಡೋದು. ಇದರ ಜೊತೆಗೆ ಮೆಟಾ ಕೀವರ್ಡ್ ಟ್ಯಾಗ್ ಅಂತ ಒಂದು ಸಾಲು ಇತ್ತು. ಓದುವವರಿಗೆ ಅದು ಕಾಣಿಸೋದಿಲ್ಲ, ಯಂತ್ರಕ್ಕೆ ಮಾತ್ರ ಕಾಣಿಸುತ್ತೆ. "ನನ್ನ ಪುಟ ಇಂಥಿಂಥ ವಿಷಯದ್ದು" ಅಂತ ಸೈಟಿನ ಮಾಲೀಕನೇ ಅಲ್ಲಿ ಬರೆದುಕೊಳ್ಳಬೇಕು. ಪರೀಕ್ಷೆ ಬರೆದವನ ಕೈಗೇ ಮಾರ್ಕ್ಸ್ ಕಾರ್ಡ್ ಕೊಟ್ಟು, ನೀನೇ ತುಂಬಪ್ಪಾ ಅಂದ ಹಾಗೆ. ಏನಾಗಬೇಕೋ ಅದೇ ಆಯಿತು. ಸಂಬಂಧವೇ ಇಲ್ಲದ ಸಿನಿಮಾ ನಟಿಯರ ಹೆಸರನ್ನೆಲ್ಲ ಜನ ಅಲ್ಲಿ ತುರುಕಿದರು. ಬಿಳಿ ಮೇಲೆ ಬಿಳಿ ಅಕ್ಷರದ ಉಪಾಯವೂ ಆ ಕಾಲದ್ದೇ.

1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್, ಬೇರೆ ಲೆಕ್ಕ ತಂದರು. ಅದೇ ಗೂಗಲ್. ಪುಟ ತನ್ನ ಬಗ್ಗೆ ತಾನು ಏನು ಹೇಳಿಕೊಳ್ಳುತ್ತೆ ಅನ್ನೋದರ ಜೊತೆಗೆ, ಬೇರೆ ಪುಟಗಳು ಅದಕ್ಕೆ ಎಷ್ಟು ಕೊಂಡಿ (ಲಿಂಕ್) ಕೊಟ್ಟಿವೆ, ಆ ಕೊಂಡಿ ಕೊಟ್ಟವರು ಎಂಥವರು ಅಂತಲೂ ನೋಡಬೇಕು ಅಂದರು. ನನ್ನ ಬೆಲ್ಲ ಚೆನ್ನಾಗಿದೆ ಅಂತ ಅಂಗಡಿಯವನು ಹೇಳೋದು ಬೇರೆ, ಮಹಾಲಿಂಗಪುರದ ಪೇಟೆಯಲ್ಲಿ ದಿನಾ ಬೆಲ್ಲ ನೋಡುವ ನಾಲ್ಕು ಜನ ಹೇಳೋದು ಬೇರೆ, ಅಲ್ವಾ? ಆಲ್ಟಾವಿಸ್ಟಾ 2002ರಲ್ಲಿ ಮೆಟಾ ಕೀವರ್ಡ್ ಟ್ಯಾಗ್ ಕೈಬಿಟ್ಟಿತು. ಶ್ರೇಯಾಂಕಕ್ಕೆ ನಾವು ಅದನ್ನು ನೋಡೋದೇ ಇಲ್ಲ ಅಂತ ಗೂಗಲ್ 2009ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗಿಯೇ ಹೇಳಿತು. ಆದರೂ ಇವತ್ತಿಗೂ ಅದನ್ನು ತುಂಬಿಕೊಟ್ಟು ಬಿಲ್ ಮಾಡುವವರಿದ್ದಾರೆ. ಸತ್ತ ಎತ್ತಿಗೆ ಮೇವು ಹಾಕಿದ ಹಾಗೆ.

ಅದೇ ಹೊತ್ತಿಗೆ ಪದಗಳಿಗೆ ಬೆಲೆಯೂ ಬಂತು. 1998ರಲ್ಲಿ ಗೋಟೂ ಡಾಟ್ ಕಾಮ್ ಎಂಬ ಕಂಪನಿ ಪದಗಳನ್ನು ಹರಾಜಿಗಿಟ್ಟಿತು, ಜಾಸ್ತಿ ಕೂಗಿದವರ ಜಾಹೀರಾತು ಮೇಲೆ. ಎಪಿಎಂಸಿಯಲ್ಲಿ ಒಣದ್ರಾಕ್ಷಿ ಸವಾಲು ನೋಡಿದ ವಿಜಯಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೂಗಲ್‌ನ ಆ್ಯಡ್‌ವರ್ಡ್ಸ್ ಎಂಬ ಜಾಹೀರಾತು ಸೇವೆ 2000ದ ಅಕ್ಟೋಬರ್‌ನಲ್ಲಿ ಶುರುವಾಯಿತು. ಯಾವ ಪದವನ್ನು ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ ಅನ್ನೋ ಅಂದಾಜು ಇವತ್ತು ನಮಗೆ ಸಿಗೋದೂ ಮೂಲತಃ ಜಾಹೀರಾತು ಕೊಡುವವರಿಗಾಗಿ ಮಾಡಿದ ಕೀವರ್ಡ್ ಪ್ಲಾನರ್ ಎಂಬ ಸಲಕರಣೆಯಿಂದಲೇ. ಇದು ನೆನಪಿರಲಿ, ಮುಂದೆ ಬೇಕಾಗುತ್ತೆ.

ಆಮೇಲಿನ ಹತ್ತು ವರ್ಷ ಕಳ್ಳ ಪೊಲೀಸ್ ಆಟ. 2003ರ ನವೆಂಬರ್‌ನಲ್ಲಿ ಗೂಗಲ್ ತನ್ನ ಲೆಕ್ಕದಲ್ಲಿ ತಂದ ಫ್ಲೋರಿಡಾ ಎಂಬ ಬದಲಾವಣೆಗೆ ಪದ ತುರುಕಿದ ಸೈಟುಗಳು ರಾತ್ರೋರಾತ್ರಿ ಕಾಣೆಯಾದವು. 2011ರಲ್ಲಿ ಪಾಂಡಾ ಎಂಬ ಇನ್ನೊಂದು ಬದಲಾವಣೆ ಬಂದು ಜೊಳ್ಳು ಬರಹ ತೂರಿತು. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಬಂದು ದುಡ್ಡು ಕೊಟ್ಟು ತಂದ ಕೊಂಡಿಗಳ ಬೆನ್ನು ಹತ್ತಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಸೈಟಿನ ಹೆಸರಿಗೇ ಕೀವರ್ಡ್ ಇಟ್ಟುಕೊಂಡು ಒಳಗೆ ಸರಕಿಲ್ಲದವರ ಸರದಿ. ಪ್ರಾಣಿಗಳ ಹೆಸರು ನೆನಪಿಡಬೇಕಾಗಿಲ್ಲ. ಮಾಲೀಕ ತಾನೇ ಬರೆದುಕೊಳ್ಳಬಹುದಾದ, ತಾನೇ ಕೊಳ್ಳಬಹುದಾದ ಪ್ರತಿ ಗುರುತಿನ ಬೆಲೆಯನ್ನೂ ಗೂಗಲ್ ಒಂದೊಂದಾಗಿ ಇಳಿಸುತ್ತಾ ಬಂತು, ಅಷ್ಟೇ.

ನಿಜವಾದ ತಿರುವು 2013ರಲ್ಲಿ. ಆ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಹಮ್ಮಿಂಗ್‌ಬರ್ಡ್ ಎಂಬ ಬದಲಾವಣೆ ಪದಗಳನ್ನು ಬಿಡಿಬಿಡಿಯಾಗಿ ನೋಡೋದು ಬಿಟ್ಟು ಇಡೀ ಪ್ರಶ್ನೆಯನ್ನು ಓದಲು ಹೊರಟಿತು. 2015ರಲ್ಲಿ, ತಾನೇ ಕಲಿಯುವ ವ್ಯವಸ್ಥೆ ರ‍್ಯಾಂಕ್‌ಬ್ರೈನ್ ಬಂತು. ಗೂಗಲ್‌ಗೆ ದಿನಾ ಬರುವ ಹುಡುಕಾಟಗಳಲ್ಲಿ ಸುಮಾರು 15 ಶೇಕಡಾ ಅದು ಹಿಂದೆಂದೂ ನೋಡದ ಹೊಸ ಸಾಲುಗಳು ಅಂತ ಆ ಕಂಪನಿಯೇ ಹೇಳುತ್ತೆ. ಅಂಥವನ್ನು ಎಣಿಸಿ ಗೆಲ್ಲೋಕೆ ಆಗೋದಿಲ್ಲ, ಅರ್ಥ ಊಹಿಸಬೇಕು. 2019ರ ಅಕ್ಟೋಬರ್‌ನಲ್ಲಿ ವಾಕ್ಯದ ಸಂದರ್ಭ ನೋಡಿ ಅರ್ಥ ಹಿಡಿಯುವ ಬರ್ಟ್ ಇಂಗ್ಲಿಷ್‌ಗೆ ಬಂತು, ಡಿಸೆಂಬರ್ ಹೊತ್ತಿಗೆ ಕನ್ನಡವೂ ಸೇರಿ 70ಕ್ಕೂ ಹೆಚ್ಚು ಭಾಷೆಗಳಿಗೆ.

ಇನ್ನು ನಮ್ಮ ಕಡೆಯ ಕಥೆ. ಇದನ್ನು ಇಂಗ್ಲಿಷ್‌ನವರು ಬರೆಯೋದಿಲ್ಲ, ನಾವೇ ಬರೆದುಕೊಳ್ಳಬೇಕು.

ಆಲ್ಟಾವಿಸ್ಟಾದ ಕಾಲದಲ್ಲಿ, ಅದಾದ ಮೇಲೂ ಬಹಳ ವರ್ಷ, ಕನ್ನಡದ ಪುಟಗಳು ಹುಡುಕು ಯಂತ್ರಕ್ಕೆ ಕನ್ನಡವೇ ಆಗಿರಲಿಲ್ಲ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದರೆ ಪರದೆ ಮೇಲೆ ಚಂದದ ಕನ್ನಡ ಕಾಣುತ್ತಿತ್ತು, ಒಳಗೆ ಕೂತಿದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಯುನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೇ ಸಂಕೇತ ಪಟ್ಟಿ) ಕನ್ನಡಕ್ಕೆ ಜಾಗ 1991ರಲ್ಲೇ ಸಿಕ್ಕಿತ್ತು, ನಾವು ಅದಕ್ಕೆ ಪೂರ್ತಿ ಹೊರಳೋಕೆ ಬಹಳ ಕಾಲ ಹಿಡಿಯಿತು. ಹಾಗಾಗಿ ಕೀವರ್ಡ್ ಆಟದ ಮೊದಲ ಇನಿಂಗ್ಸ್‌ನಲ್ಲಿ ನಾವು ಮೈದಾನಕ್ಕೇ ಇಳಿದಿರಲಿಲ್ಲ. ಈಗಲೂ ಯಾರಾದರೂ ಹಳೇ ನುಡಿ ಫೈಲಿನಿಂದ ಹಾಗೇ ಎತ್ತಿ ಸೈಟಿಗೆ ಹಾಕಿದರೆ ಅದೇ ಗತಿ.

ಎರಡನೆಯದು ನಮ್ಮ ವ್ಯಾಕರಣ. ಇಂಗ್ಲಿಷ್‌ನಲ್ಲಿ ಊರಿನ ಹೆಸರು ಎಲ್ಲಿ ಬಂದರೂ ಹೆಚ್ಚು ಕಡಿಮೆ ಅದೇ ರೂಪ. ನಮ್ಮಲ್ಲಿ ಬೆಳಗಾವಿಯಲ್ಲಿ, ಬೆಳಗಾವಿಗೆ, ಬೆಳಗಾವಿಯಿಂದ, ಬೆಳಗಾವಿಯವರು. ಪದ ಎಣಿಸುವ ಯಂತ್ರಕ್ಕೆ ಇವು ನಾಲ್ಕು ಬೇರೆ ಪದ. ಅದಕ್ಕೇ ಕೆಲವರು "ಇಳಕಲ್ ಸೀರೆ ಬಾಗಲಕೋಟೆ ಬೆಲೆ" ಅಂತ ಪ್ರತ್ಯಯವನ್ನೆಲ್ಲ ಕಿತ್ತುಹಾಕಿ, ತಂತಿ ಸಂದೇಶದ ಥರ ಬರೆಯೋಕೆ ಶುರು ಮಾಡಿದರು. ಈಗ ಅದರ ಅಗತ್ಯ ಇಲ್ಲ. ಇಂಥ ರೂಪಗಳ ನಂಟು ಯಂತ್ರಕ್ಕೆ ಈಗ ಸಾಕಷ್ಟು ಗೊತ್ತಾಗುತ್ತೆ. ಮನುಷ್ಯರು ಮಾತಾಡುವ ಕನ್ನಡವನ್ನೇ ಬರೆಯಿರಿ.

ಮೂರನೆಯದು ಊರಿನ ಹೆಸರು, ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರು ಜಿಲ್ಲೆಯವರ ಸ್ಪೆಷಲ್ ತಲೆನೋವು. 2014ರ ನವೆಂಬರ್ 1ರಂದು 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಬೋರ್ಡು ಬದಲಾಯಿತು. ಹುಡುಕುವವರ ಬೆರಳು ಬದಲಾಗಲಿಲ್ಲ. ಗೋಲಗುಮ್ಮಟ ನೋಡಲು ಹೊರಟ ಹೊರರಾಜ್ಯದವರು ಇವತ್ತಿಗೂ ಬಿಜಾಪುರ ಅಂತಲೇ ಹೊಡೆಯುತ್ತಾರೆ. ಅವರಿಗೆ ಛತ್ತೀಸ್‌ಗಢದ ಬಿಜಾಪುರ ಜಿಲ್ಲೆಯೂ ಬರಬಹುದು. ಸರಿ, ವಿಜಯಪುರ ಅಂತ ಹೊಡೆದರೆ? ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ. ಬೆಳಗಾವಿಯಲ್ಲಂತೂ ಮರಾಠಿಯಲ್ಲಿ ಹುಡುಕುವವರೂ ಇದ್ದಾರೆ, ಅವರಿಗೆ ಊರು ಬೆಳಗಾವ್. ಬಾಗಲಕೋಟೆ ಆ 12ರ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಕೊನೆಗೊಂದು ಇ ಇಡಬೇಕೋ ಬೇಡವೋ ಅನ್ನೋದು ಅವರವರ ಇಷ್ಟ.

ಇದಕ್ಕೆ ನನ್ನ ಮಟ್ಟಿಗೆ ಉಪಾಯ ಸರಳ. ಸಹಜವಾಗಿ ಬರುವ ಕಡೆ ಒಂದೊಂದು ಸಲ ಎರಡೂ ಹೆಸರು ಹೇಳಿ. "ವಿಜಯಪುರದ (ಹಳೆಯ ಹೆಸರು ಬಿಜಾಪುರ) ಸ್ಟೇಷನ್ ಹತ್ತಿರ ನಮ್ಮ ಲಾಡ್ಜ್ ಇದೆ" ಅಂದರೆ ಓದುವವರಿಗೂ ಉಪಯೋಗ, ಯಂತ್ರಕ್ಕೂ. ಅದನ್ನೇ ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಹೆಸರಿಗೆ ಅಂಟಿಸಬೇಡಿ. ಬೋರ್ಡ್ ಮೇಲೆ ಇಲ್ಲದ ಪದಗಳನ್ನು ಅಲ್ಲಿ ಸೇರಿಸೋದು ಅವರ ನಿಯಮಕ್ಕೆ ವಿರುದ್ಧ, ಖಾತೆಯನ್ನೇ ಅಮಾನತು ಮಾಡಬಹುದು.

ಇಳಕಲ್ ಅಂಗಡಿಗೆ ವಾಪಸ್ ಬರೋಣ. ಬಿಳಿ ಅಕ್ಷರ ತೆಗೆದದ್ದಾಯಿತು. ಆಮೇಲೆ ಗೂಗಲ್ ಸರ್ಚ್ ಕನ್ಸೋಲ್ ಜೋಡಿಸಿದೆವು. ಅದು ಪುಕ್ಕಟೆ. ಯಾವ ಸಾಲು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಅಂತ 16 ತಿಂಗಳ ಲೆಕ್ಕ ಕೊಡುತ್ತೆ. ಆಗ ಗೊತ್ತಾಯಿತು, ಅಂಗಡಿಯವರ ಮಾತು ಒಂದು, ಗಿರಾಕಿಯ ಮಾತು ಇನ್ನೊಂದು. ಇವರು ಅಂಚು, ಸೆರಗಿನ ವಿನ್ಯಾಸಗಳ ಹೆಸರು ಹಿಡಿದು ಗೋಮಿ ದಡಿ, ಗಾಡಿ ದಡಿ, ತೋಪ್ ತೆನಿ ಸೆರಗು ಅಂತ ಬರೆದಿದ್ದಾರೆ. ಬೆಂಗಳೂರಿನ ಹುಡುಗಿ ಹುಡುಕುತ್ತಿರೋದು "ಕೆಂಪು ಸೆರಗಿನ ಕಾಟನ್ ಸೀರೆ, ಕಸೂತಿ ಇರೋದು". ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುವವರು "ಇಳಕಲ್ ಸೀರೆ ರೇಟ್ ಎಷ್ಟು" ಅಂತ ಕೇಳುತ್ತಾರೆ, ಆ ಪುಟದಲ್ಲಿ ಬೆಲೆಯೇ ಇಲ್ಲ! ಗುಳೇದಗುಡ್ಡದ ಖಣದ್ದೂ ಇದೇ ಪಾಡು. ನಾವು ಖಣ ಅಂದರೆ ಪುಣೆಯವರು ಖುನ್ ಅಂತ ಹುಡುಕುತ್ತಾರೆ. ಅಮೀನಗಡದ ಕರದಂಟು ಮಾರುವವರು ಗಮನಿಸಿ, ಉತ್ತರ ಭಾರತದವರಿಗೆ ಅಂಟು ಅಂದರೆ ಗೋಂದ್.

ಹಾಗಂತ ಗಿರಾಕಿಯ ಪದ ಹಾಕಿ ನಮ್ಮ ಪದ ಅಳಿಸಬೇಕಾ? ನಾನು ಒಪ್ಪೋದಿಲ್ಲ. "ತೋಪ್ ತೆನಿ ಸೆರಗು ಅಂದರೇನು" ಅಂತಲೇ ಒಂದು ಪುಟ ಬರೆದೆವು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಜೋಡಿಸೋದು ಹೇಗೆ ಅಂತ ಫೋಟೊ ಸಮೇತ. ಇಂಥ ಸಾಲನ್ನು ಹುಡುಕುವವರು ಕಡಿಮೆ, ಆದರೆ ಹುಡುಕಿ ಬಂದವರು ಸೀರೆಯ ಬೆಲೆ ಗೊತ್ತಿರುವವರು. ಕೀವರ್ಡ್ ಪ್ಲಾನರ್ ಇಂಥ ಸಾಲುಗಳ ಮುಂದೆ ಬಹಳ ಸಲ ಏನೂ ತೋರಿಸೋದಿಲ್ಲ. ಅದು ಜಾಹೀರಾತಿನವರ ಸಲಕರಣೆ ಅಂದೆನಲ್ಲ, ಸಣ್ಣ ಸಂತೆಯ ವ್ಯಾಪಾರ ಅದರ ಕಣ್ಣಿಗೆ ಬೀಳೋದಿಲ್ಲ. "ಸೀರೆ" ಅನ್ನೋ ಒಂದೇ ಪದಕ್ಕೆ ದೊಡ್ಡ ದೊಡ್ಡ ಕಂಪನಿಗಳ ಜೊತೆ ಗುದ್ದಾಡೋದಕ್ಕಿಂತ ಇದು ವಾಸಿ.

ಒಂದು ಪುಟಕ್ಕೆ ಒಂದು ಪ್ರಶ್ನೆ ಅಂತ ಇಟ್ಟುಕೊಂಡೆವು. ಆ ಪ್ರಶ್ನೆಯ ಪದಗಳು ಪುಟದ ಶೀರ್ಷಿಕೆಯಲ್ಲಿ, ಮೊದಲ ಪ್ಯಾರಾದಲ್ಲಿ, ಫೋಟೊದ ವಿವರಣೆಯಲ್ಲಿ ಇರಬೇಕು. ಉಳಿದದ್ದು ಮಾತಾಡಿದ ಹಾಗೆ. ನೂರು ಪದಕ್ಕೆ ಇಷ್ಟು ಸಲ ಕೀವರ್ಡ್ ಬರಬೇಕು ಅಂತ ಶೇಕಡಾ ಲೆಕ್ಕ ಹೇಳುವವರನ್ನು ನಂಬಬೇಡಿ.

2024ರ ಆಗಸ್ಟ್‌ನಿಂದ ಭಾರತದಲ್ಲೂ ಗೂಗಲ್ ಹಲವು ಹುಡುಕಾಟಗಳ ಮೇಲ್ಗಡೆ ಎಐ ಬರೆದ ಉತ್ತರ ತೋರಿಸುತ್ತಿದೆ, ಶುರುವಿನಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಜನ ಪುಟಕ್ಕೇ ಬರದೆ ಅಲ್ಲೇ ಓದಿ ಹೊರಟುಹೋದರೆ ಕೀವರ್ಡ್ ಕಟ್ಟಿಕೊಂಡು ಏನು ಮಾಡೋದು ಅಂತ ಅಂಗಡಿಯವರೇ ಕೇಳಿದರು. ನಾನು ಉತ್ತರ ಹುಡುಕುತ್ತಿರುವಾಗ ಅವರ ಫೋನ್ ಬಂತು. ಆ ಕಡೆಯಿಂದ ಯಾರೋ ಅಕ್ಕ, ಸೀರೆ ಮೊದಲ ಸಲ ಒಗೆಯುವಾಗ ಬಣ್ಣ ಬಿಡ್ತದೇನ್ರಿ ಅಂತ ಕೇಳುತ್ತಿದ್ದರು. ಇವರು ಹತ್ತು ನಿಮಿಷ ಹೇಳಿದರು: ಉಪ್ಪಿನ ನೀರು, ನೆರಳು, ಸೆರಗು ಬೇರೆಯಾಗಿ ನೆನೆಹಾಕೋದು.

"ದಿನಾ ಎಷ್ಟು ಮಂದಿ ಹಿಂಗ ಕೇಳ್ತಾರ?" ಅಂದೆ.

"ನಾಕೈದು ಮಂದಿ ಇರ್ತಾರ ನೋಡು. ಯಾಕ?"

ಸುಮ್ನೆ ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿ, ಈಗ ಹೇಳಿದ್ದನ್ನೇ ಇನ್ನೊಮ್ಮೆ ನಿಧಾನಕ್ಕೆ ಹೇಳಿ ಅಂದೆ.